ತೊಗಟೆಯೊಳಗಿನ ಹನ್ನೊಂದು ತಿಂಗಳು

ಕಾಫಿಯ ಬಿಳಿ ಕಾಂಡಕೊರಕದ ಆಯುಸ್ಸು ಸುಮಾರು ಒಂದು ವರ್ಷ. ಅದರಲ್ಲಿ ಗಾಳಿ ಬೆಳಕು ಕಾಣುವುದು ಕೆಲವೇ ವಾರ. ಉಳಿದ ಕಾಲವೆಲ್ಲ ಒಂದೇ ಗಿಡದ ಕಾಂಡದೊಳಗೆ, ಕತ್ತಲಲ್ಲಿ, ಮರ ಜಗಿಯುತ್ತ ಕಳೆದುಹೋಗುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಅರೇಬಿಕಾ ತೋಟಗಳಲ್ಲಿ ಇದಕ್ಕೆ 'ಬೋರರ್' ಎಂದಷ್ಟೇ ಹೇಳಿದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. 'ಬೋರರ್ ಬಿದ್ದಿದೆ' ಎಂಬ ಮಾತು ಬಂತೆಂದರೆ ಆ ಗಿಡದ ಕಥೆ ಮುಗಿಯಿತು ಎಂದೇ ಲೆಕ್ಕ.

ನೂರೈವತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಬೆಳೆಗಾರರು ಈ ಕೀಟದೊಂದಿಗೆ ಸೆಣಸುತ್ತ ಬಂದಿದ್ದಾರೆ. ಇಷ್ಟು ಕಾಲವಾದರೂ ಇದು ಸೋತಿಲ್ಲವೇಕೆ? ಇದರ ಬಾಳಿನ ಒಂದೊಂದು ಹಂತವನ್ನೂ ಹತ್ತಿರದಿಂದ ನೋಡುತ್ತ ಹೋದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ಇದನ್ನು ಎಲ್ಲಿ, ಯಾವಾಗ ಹಿಡಿಯಬಹುದು ಎಂಬುದೂ ಅದೇ ಬಾಳಿನಲ್ಲಿ ಬರೆದಿದೆ.

ಮೀಸೆಯ ಕುಟುಂಬ

ದುಂಬಿಗಳಲ್ಲಿ ಸೆರಾಂಬಿಸಿಡೇ ಎಂಬುದು ದೊಡ್ಡ ಕುಟುಂಬ. ವಿಜ್ಞಾನಿಗಳು ಇದರಲ್ಲಿ ಈವರೆಗೆ 35,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿದ್ದಾರೆ. ಇವುಗಳಲ್ಲಿ ಬಹುಪಾಲಿನ ಕುಡಿಮೀಸೆ ಬಲು ಉದ್ದ; ಕೆಲವುಗಳಲ್ಲಿ ಮೈಯ ಉದ್ದದ ಎರಡು ಮೂರು ಪಟ್ಟು. ಹಾಗಾಗಿ ಇವನ್ನು ಉದ್ದ ಮೀಸೆಯ ದುಂಬಿಗಳೆಂದು ಕರೆಯುವುದುಂಟು. ಮಾವಿನ ಕಾಂಡ ಕೊರೆಯುವ ದೊಡ್ಡ ದುಂಬಿಯೂ ಇದೇ ಬಳಗದ್ದು. ಮೊಟ್ಟೆಯಿಂದ ಬಂದ ಮರಿಹುಳು ಗಿಡಮರದ ಒಳಗೆ ಬೆಳೆಯುವುದು ಈ ಕುಟುಂಬದ ಸಾಮಾನ್ಯ ಗುಣ.

ನಮ್ಮ ಕಾಂಡಕೊರಕದ ವೈಜ್ಞಾನಿಕ ಹೆಸರು ಝೈಲೋಟ್ರೆಕಸ್ ಕ್ವಾಡ್ರಿಪಿಸ್. 1863ರಲ್ಲಿ ಫ್ರಾನ್ಸಿನ ಕೀಟತಜ್ಞ ಶೆವ್ರೋಲಾ ಇದನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಟ್ಟ. ಉದ್ದ ಮೀಸೆಯ ಕುಟುಂಬಕ್ಕೆ ಸೇರಿದ್ದರೂ ಇದರ ಮೀಸೆ ಮೈಗಿಂತ ಎಷ್ಟೋ ಗಿಡ್ಡ. ಒಂದರಿಂದ ಎರಡು ಸೆಂಟಿಮೀಟರ್ ಉದ್ದದ ತೆಳು ಮೈ, ಕಪ್ಪು ಬಣ್ಣ, ಮೇಲಿನ ಗಟ್ಟಿ ರೆಕ್ಕೆಗಳ ಮೇಲೆ ಬೂದುಬಿಳಿಯ ಓರೆ ಪಟ್ಟೆಗಳು. ಗಂಡಿನ ಹಣೆಯ ಮೇಲೆ ಕಪ್ಪನೆಯ ಉಬ್ಬು ಗೆರೆಗಳಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಗಂಡು ಹೆಣ್ಣನ್ನು ಬೇರೆ ಮಾಡಲು ಈ ಗೆರೆಗಳೇ ಸಾಕು.

ಕಾಫಿ ಆಫ್ರಿಕಾದ ಗಿಡ. ಅರೇಬಿಕಾದ ತವರು ಇಥಿಯೋಪಿಯಾದ ಎತ್ತರದ ಕಾಡು. ಈ ದುಂಬಿಯಾದರೋ ಏಷ್ಯಾದ್ದು. ಭಾರತ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನಾಗಳಲ್ಲಿ ಇದೆ. ಆಫ್ರಿಕಾದ ಅರೇಬಿಕಾ ತೋಟಗಳನ್ನು ಕಾಡುವ ಬಿಳಿ ಕಾಂಡಕೊರಕವೂ ಒಂದುಂಟು, ಆದರೆ ಅದು ಇದೇ ಕುಟುಂಬದ ಬೇರೊಂದು ಪ್ರಭೇದ. ಅಂದರೆ ನಮ್ಮ ಬೋರರ್ ಕಾಫಿಯ ಬೆನ್ನು ಹತ್ತಿ ಕಡಲು ದಾಟಿ ಬಂದದ್ದಲ್ಲ. ಇಲ್ಲಿಯ ಕಾಡಿನ ಬೇರೆ ಮರಗಳಲ್ಲಿ ತನ್ನ ಪಾಡಿಗೆ ಬದುಕಿಕೊಂಡಿದ್ದ ಕೀಟಕ್ಕೆ, ನಾವು ಬೆಟ್ಟದ ತುಂಬ ನೆಟ್ಟ ಅರೇಬಿಕಾ ಹೊಸ ಊಟವಾಯಿತು. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾದಲ್ಲಿ ಇದು ನೆಲೆಯೂರುವುದು ತೀರ ಅಪರೂಪ. ಅರೇಬಿಕಾ ಮಾತ್ರ ಇದಕ್ಕೆ ಪೂರ್ತಿ ಒಗ್ಗಿಹೋಗಿದೆ.

ಬಿರುಕಿನಲ್ಲಿ ಮೊಟ್ಟೆ

ವರ್ಷಕ್ಕೆ ಎರಡು ಬಾರಿ ದುಂಬಿಗಳು ಹೊರಬರುತ್ತವೆ. ಹೂ ಮಳೆ ಬಿದ್ದು ಮುಂಗಾರು ಹಿಡಿಯುವ ಮೊದಲು, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ. ಮಳೆಗಾಲ ತೀರಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಇವೆರಡನ್ನೂ ಬೆಳೆಗಾರರು ಬೋರರ್ ಹಾರಾಟದ ಕಾಲ ಎನ್ನುತ್ತಾರೆ.

ಗಂಡಿನೊಡನೆ ಕೂಡಿದ ಹೆಣ್ಣು ಮೊಟ್ಟೆಯಿಡಲು ಕಾಂಡದ ಮೇಲೆ ಓಡಾಡುತ್ತದೆ. ಹಿಂಬದಿಯಲ್ಲಿರುವ ಮೊಟ್ಟೆಯಿಡುವ ಕೊಳವೆಯನ್ನು ಹೊರಚಾಚಿ ತೊಗಟೆಯ ಒಂದೊಂದು ಸಂದನ್ನೂ ತಡವುತ್ತ ಹೋಗುತ್ತದೆ. ಅದು ಹುಡುಕುವುದು ಬಿರುಕನ್ನು. ಅರೇಬಿಕಾ ಗಿಡದ ವಯಸ್ಸಾದ ಕಾಂಡದ ತೊಗಟೆ ಹಕ್ಕಳೆ ಹಕ್ಕಳೆಯಾಗಿ ಎದ್ದಿರುತ್ತದೆ. ಹಕ್ಕಳೆಯ ಅಡಿಯಲ್ಲಿ ಒಂದರಿಂದ ಹತ್ತರವರೆಗೆ ಮೊಟ್ಟೆಗಳನ್ನು ಗುಂಪಾಗಿ ತೂರಿಸಿಟ್ಟು ಮುಂದಿನ ಬಿರುಕಿಗೆ ಹೋಗುತ್ತದೆ. ಮುಖ್ಯ ಕಾಂಡ, ಅದರಿಂದ ಹೊರಟ ದಪ್ಪ ರೆಂಬೆಗಳು ಇದರ ಆಯ್ಕೆ. ಎಳೆಯ ನುಣುಪು ತೊಗಟೆಯಲ್ಲಿ ಮೊಟ್ಟೆಗೆ ಆಸರೆಯಿಲ್ಲ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಹೀಗೆ ಐವತ್ತರಿಂದ ನೂರರಷ್ಟು ಮೊಟ್ಟೆ ಇಡಬಲ್ಲದು.

ಮೊಟ್ಟೆ ಬಿಳಿ, ಉದ್ದುರುಟು. ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಎಂಟು ಹತ್ತು ದಿನಕ್ಕೆ ಒಡೆಯುತ್ತದೆ. ಈ ಎಂಟು ಹತ್ತು ದಿನವೇ ಈ ಕೀಟದ ಬದುಕಿನಲ್ಲಿ ಅತ್ಯಂತ ದುರ್ಬಲ ಗಳಿಗೆ. ಮೇಲಿನ ಹಕ್ಕಳೆ ಕಿತ್ತುಬಂದರೆ ಮೊಟ್ಟೆ ಒಣಗಿ ಸಾಯುತ್ತದೆ, ಇಲ್ಲವೇ ಇರುವೆಗಳ ಪಾಲಾಗುತ್ತದೆ.

ಹಸಿ ತೊಗಟೆಯ ಎರಡು ತಿಂಗಳು

ಮೊಟ್ಟೆಯೊಡೆದ ಮರಿ ಹೊರಗೆ ಬರುವುದೇ ಇಲ್ಲ. ನೇರ ಒಳಕ್ಕೆ ಕೊರೆಯುತ್ತದೆ. ಮೊದಲ ಸುಮಾರು ಎರಡು ತಿಂಗಳು ಅದರ ವಾಸ ತೊಗಟೆಗೂ ಮರಕ್ಕೂ ನಡುವಿನ ಮೆತ್ತನೆಯ ಪದರದಲ್ಲಿ. ಎಲೆಗಳಲ್ಲಿ ತಯಾರಾದ ಸಕ್ಕರೆ ಬೇರಿಗಿಳಿಯುವುದು ಈ ಪದರದ ಮೂಲಕ. ಗಿಡ ದಪ್ಪವಾಗಲು ಹೊಸ ಕೋಶಗಳು ಹುಟ್ಟುವುದೂ ಇಲ್ಲೇ. ಎಳೆಯ ಹುಳುವಿಗೆ ಬೇಕಾದ ಪ್ರೋಟೀನು, ಸಕ್ಕರೆ ಎರಡೂ ಸಿಗುವ ಜಾಗ ಇದು.

ಹುಳು ಅಂಕುಡೊಂಕಾಗಿ ಸುರಂಗ ತೋಡುತ್ತ ಹೋದಂತೆ ಗಿಡ ಸುಮ್ಮನಿರುವುದಿಲ್ಲ. ಗಾಯವನ್ನು ಮುಚ್ಚಲು ಹೊಸ ಅಂಗಾಂಶ ಬೆಳೆಸುತ್ತದೆ. ಆ ಅಂಗಾಂಶ ಸುರಂಗದ ಉದ್ದಕ್ಕೂ ಉಬ್ಬಿ, ಹೊರಗಿನ ತೊಗಟೆಯ ಮೇಲೆ ಕಾಂಡವನ್ನು ಸುತ್ತುವ ದಿಂಡಿನಂತೆ ಕಾಣಿಸಿಕೊಳ್ಳುತ್ತದೆ. ತೋಟದಲ್ಲಿ ಬೋರರ್ ಗಿಡ ಹುಡುಕುವವರು ಕಣ್ಣಿಗಿಂತ ಹೆಚ್ಚಾಗಿ ನಂಬುವುದು ಅಂಗೈಯನ್ನು. ಕಾಂಡವನ್ನು ಹಿಡಿದು ಮೇಲಿಂದ ಕೆಳಕ್ಕೆ ಸವರಿದರೆ ಉಬ್ಬು ಕೈಗೆ ತಾಗುತ್ತದೆ. ಕತ್ತಿಯ ತುದಿಯಿಂದ ಆ ಉಬ್ಬನ್ನು ಸೀಳಿದರೆ ಒಳಗೆ ಕಂದು ಹುಡಿ ತುಂಬಿದ ಸಣ್ಣ ದಾರಿ. ಅದರ ಜಾಡು ಹಿಡಿದು ಹೋದರೆ ತುದಿಯಲ್ಲಿ ಬೆಳ್ಳಗಿನ ಹುಳು.

ಹುಳುವಿನ ಮೈಕಟ್ಟನ್ನು ಗಮನಿಸಬೇಕು. ತಲೆಯ ಹಿಂದಿನ ಭಾಗ ಅಗಲ, ಬಾಲದ ಕಡೆ ಹೋದಂತೆ ಸಪೂರ. ತಲೆ ಬಹುಪಾಲು ಒಳಗೆ ಎಳೆದುಕೊಂಡಿದ್ದು, ಕಪ್ಪಾದ ಗಟ್ಟಿ ದವಡೆಗಳು ಮಾತ್ರ ಮುಂದಕ್ಕೆ ಚಾಚಿರುತ್ತವೆ. ಕಾಲುಗಳು ಇಲ್ಲವೆಂದೇ ಹೇಳಬಹುದು. ಇಕ್ಕಟ್ಟಾದ ಸುರಂಗದಲ್ಲಿ ಕಾಲಿನಿಂದ ಪ್ರಯೋಜನವೂ ಇಲ್ಲ. ಮೈಯ ಉಂಗುರಗಳ ಮೇಲೂ ಕೆಳಗೂ ಇರುವ ಉಬ್ಬುಗಳನ್ನು ಸುರಂಗದ ಗೋಡೆಗೆ ಒತ್ತಿ ಹಿಡಿದು, ಒಂದೊಂದೇ ಉಂಗುರವನ್ನು ಹಿಗ್ಗಿಸಿ ಕುಗ್ಗಿಸಿ ಮುಂದೆ ಸರಿಯುತ್ತದೆ. ಹೀಗೆ ಮೈಯನ್ನು ಬಿಗಿಹಿಡಿದುಕೊಂಡಾಗಲೇ ದವಡೆಗೆ ಮರ ಕೊರೆಯುವ ಬಲ ಬರುತ್ತದೆ.

ಮರ ತಿಂದು ಬದುಕುವುದು

ಎರಡು ತಿಂಗಳ ನಂತರ ಹುಳು ದಿಕ್ಕು ಬದಲಿಸಿ ಗಟ್ಟಿ ಮರದ ಒಳಕ್ಕೆ ಇಳಿಯುತ್ತದೆ. ಇನ್ನು ಮುಂದಿನ ತಿಂಗಳುಗಳೆಲ್ಲ ಅಲ್ಲಿಯೇ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ, ಎತ್ತ ಬೇಕಾದರತ್ತ ಕೊರೆಯುತ್ತದೆ. ಕೆಲವು ಹುಳುಗಳು ನೆಲಮಟ್ಟ ದಾಟಿ ಬೇರಿನೊಳಕ್ಕೂ ಇಳಿಯುತ್ತವೆ. ಒಟ್ಟು ಹುಳುವಿನ ಅವಸ್ಥೆ ಒಂಬತ್ತರಿಂದ ಹತ್ತು ತಿಂಗಳು.

ಒಂದು ಕೀಟ ಬೆಳೆಯಲು ಇಷ್ಟು ಕಾಲ ಯಾಕೆ ಬೇಕು? ಎಲೆ ತಿನ್ನುವ ಕಂಬಳಿಹುಳು ಎರಡು ಮೂರು ವಾರದಲ್ಲಿ ಬೆಳೆದು ಮುಗಿಸುತ್ತದೆ. ವ್ಯತ್ಯಾಸ ಇರುವುದು ಊಟದಲ್ಲಿ. ಮರದ ಬಹುಪಾಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮೈ ಕಟ್ಟಲು ಬೇಕಾದ ಸಾರಜನಕ ಎಲೆಯಲ್ಲಿ ನೂರಕ್ಕೆ ಎರಡು ಮೂರು ಪಾಲು ಇದ್ದರೆ, ಮರದಲ್ಲಿ ಬಹುಮಟ್ಟಿಗೆ ಅದರ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ಚಿಟಿಕೆ ಪೋಷಣೆಗಾಗಿ ರಾಶಿ ಮರ ಜಗಿಯಬೇಕು. ಒಣಮರದಲ್ಲಿ ಬೆಳೆಯುವ ಕೆಲವು ಉದ್ದ ಮೀಸೆಯ ದುಂಬಿಗಳ ಹುಳುಗಳು ಸತ್ವವೂ ತೇವವೂ ಸಾಲದೆ, ಮೇಜು ಕಪಾಟುಗಳಾಗಿ ಮನೆ ಸೇರಿದ ಮರದಿಂದ ಎಷ್ಟೋ ವರ್ಷಗಳ ಮೇಲೆ ದುಂಬಿಯಾಗಿ ಹೊರಬಂದ ದಾಖಲೆಗಳಿವೆ. ಆ ಲೆಕ್ಕದಲ್ಲಿ ಹಸಿ ಕಾಫಿ ಕಾಂಡದ ಹತ್ತು ತಿಂಗಳು ಬೇಗವೇ ಸರಿ.

ಸೆಲ್ಯುಲೋಸನ್ನು ಅರಗಿಸಿಕೊಳ್ಳುವುದು ಪ್ರಾಣಿಗಳಿಗೆ ಸುಲಭವಲ್ಲ. ಹಸುವಿಗೆ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳ ನೆರವು ಬೇಕು, ಗೆದ್ದಲಿಗೂ ಬೇಕು. ಉದ್ದ ಮೀಸೆಯ ದುಂಬಿಗಳ ಕುಟುಂಬ ಇನ್ನೊಂದು ದಾರಿಯನ್ನೂ ಕಂಡುಕೊಂಡಿದೆ. ಈ ಕುಟುಂಬದ ಏಷ್ಯಾದ ಇನ್ನೊಂದು ದುಂಬಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಮೇಪಲ್ ಮರಗಳಿಗೆ ಮಾರಿಯಾಗಿದೆ. ಅದರ ಪೂರ್ಣ ಜೀನೋಮನ್ನು 2016ರಲ್ಲಿ ಪ್ರಕಟಿಸಿದಾಗ, ಗಿಡದ ಕೋಶಭಿತ್ತಿಯನ್ನು ಒಡೆಯುವ ಕಿಣ್ವಗಳ ಜೀನುಗಳು ದೊಡ್ಡ ಸಂಖ್ಯೆಯಲ್ಲಿ ಕಂಡವು. ಅವುಗಳಲ್ಲಿ ಕೆಲವು ಮೂಲತಃ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳವು. ಬಲು ಹಿಂದೆ ಅಲ್ಲಿಂದ ದುಂಬಿಯ ಪೂರ್ವಜರ ಜೀನೋಮಿಗೆ ದಾಟಿ ಬಂದು ನೆಲೆಸಿದವು. ಸೂಕ್ಷ್ಮಾಣುವಿನ ಕಸುಬನ್ನು ದುಂಬಿ ರಕ್ತಗತ ಮಾಡಿಕೊಂಡಿತು. ಈ ಕುಟುಂಬ ಜಗತ್ತಿನ ಕಾಡುಗಳಲ್ಲೆಲ್ಲ ಹಬ್ಬಿರುವುದಕ್ಕೆ ಇಂಥ ಜೀನುಗಳ ಕೊಡುಗೆ ದೊಡ್ಡದು.

ತಿಂದು ಉಳಿದ ಹುಡಿಯನ್ನೂ ಹಿಕ್ಕೆಯನ್ನೂ ಹುಳು ತನ್ನ ಹಿಂದೆ ಸುರಂಗದಲ್ಲಿ ಗಟ್ಟಿಯಾಗಿ ತುರುಕುತ್ತ ಮುನ್ನಡೆಯುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಸುರಂಗಗಳು ಖಾಲಿ ಕೊಳವೆಗಳಾಗಿ ಕಾಣುವುದಿಲ್ಲ. ಸಿಮೆಂಟ್ ಗಾರೆ ತುಂಬಿ ಮೆತ್ತಿದ ಗೋಡೆಯ ಬಿರುಕುಗಳಂತೆ ಕಾಣುತ್ತವೆ. ಈ ಒಂದು ಅಭ್ಯಾಸವೇ ಬೋರರ್ ನಿಯಂತ್ರಣವನ್ನು ಇಷ್ಟು ಕಷ್ಟ ಮಾಡಿರುವುದು. ಕಾಫಿಗೆ ಬೀಳುವ ಕೆಂಪು ಕಾಂಡಕೊರಕ ಒಂದು ಪತಂಗದ ಹುಳು. ಅದು ತನ್ನ ಹಿಕ್ಕೆಯನ್ನು ತೂತಿನಿಂದ ಹೊರಗೆ ತಳ್ಳುತ್ತದೆ, ಗಿಡದ ಬುಡದಲ್ಲಿ ಉಂಡೆಗಳು ಬಿದ್ದಿರುತ್ತವೆ, ನೋಡಿದ ಕೂಡಲೇ ತಿಳಿಯುತ್ತದೆ. ಬಿಳಿ ಕಾಂಡಕೊರಕ ಒಂದು ಚೂರು ಹುಡಿಯನ್ನೂ ಹೊರಗೆ ಬಿಡುವುದಿಲ್ಲ. ತೊಗಟೆಯ ಉಬ್ಬು ಬಿಟ್ಟರೆ ಹೊರಗೆ ತೂತಿಲ್ಲ, ಗುರುತಿಲ್ಲ. ತುಂಬಿದ ಸುರಂಗದೊಳಕ್ಕೆ ಔಷಧಿಯೂ ಇಳಿಯದು, ಪರಾವಲಂಬಿ ಕಣಜಕ್ಕೂ ಸುಲಭದ ದಾರಿಯಿಲ್ಲ.

ಇತ್ತ ಗಿಡಕ್ಕೆ ಬೇರಿನಿಂದ ಮೇಲೇರುವ ನೀರಿನ ದಾರಿಗಳು ಒಂದೊಂದಾಗಿ ಕಡಿದುಹೋಗುತ್ತವೆ. ಮಳೆಗಾಲದಲ್ಲಿ ಇದು ಗೊತ್ತಾಗುವುದಿಲ್ಲ. ಬೇಸಗೆ ಬಂದಾಗ ಎಲೆ ಹಳದಿಗೆ ತಿರುಗುತ್ತದೆ, ಬಾಡುತ್ತದೆ. ಏಳೆಂಟು ವರ್ಷದ ಎಳೆಯ ಗಿಡ ಒಂದೇ ವರ್ಷದಲ್ಲಿ ಸಾಯುತ್ತದೆ. ಹಳೆಯ ದಪ್ಪ ಗಿಡ ಕೆಲವು ವರ್ಷ ತಡೆದುಕೊಳ್ಳಬಹುದು, ಆದರೆ ಫಸಲು ಇಳಿಯುತ್ತದೆ. ಬಂದ ಹಣ್ಣಿನಲ್ಲೂ ಜೊಳ್ಳು ಹೆಚ್ಚು. ಅರೇಬಿಕಾ ನೆಟ್ಟು ಪೂರ್ತಿ ಫಸಲು ಕೈಗೆ ಬರಲು ಐದಾರು ವರ್ಷ ಕಾಯಬೇಕು. ಆ ಕಾಯುವಿಕೆ ಮುಗಿದು ಗಿಡ ಕೊಡತೊಡಗಿದ ಹೊತ್ತಿಗೇ ಬೋರರ್ ಬರುವುದು. ಈ ನಷ್ಟಕ್ಕೆ ಬೇಸತ್ತು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದ ಕುಟುಂಬಗಳು ಮಲೆನಾಡಿನಲ್ಲಿ ಸಾಕಷ್ಟಿವೆ.

ಬಾಗಿಲು ತೆರೆಯುವ ಮುನ್ನ

ಪೂರ್ತಿ ಬೆಳೆದ ಹುಳು ಕೊನೆಯ ಬಾರಿ ದಿಕ್ಕು ಬದಲಿಸುತ್ತದೆ. ಇಷ್ಟು ದಿನ ಮರದ ನಡುವಿನಲ್ಲಿದ್ದದ್ದು ಈಗ ತೊಗಟೆಯ ಕಡೆಗೆ ಕೊರೆದು ಬಂದು, ಹೊರಮೈಗೆ ತೆಳು ಪದರವೊಂದು ಉಳಿದಿರುವಾಗ ನಿಲ್ಲುತ್ತದೆ. ಅಲ್ಲಿ ಒಂದು ಕೋಣೆಯನ್ನು ಅಗಲ ಮಾಡಿಕೊಂಡು ಕೋಶಾವಸ್ಥೆಗೆ ಹೋಗುತ್ತದೆ.

ಇದರ ಹಿಂದಿನ ವಿವೇಕವನ್ನು ನೋಡಿ. ಹುಳುವಿಗೆ ಮರ ಕೊರೆಯುವ ದವಡೆಯಿದೆ. ದುಂಬಿಗೂ ದವಡೆಯಿದೆ, ಆದರೆ ಇಡೀ ಕಾಂಡ ಕೊರೆದು ಹೊರಬರುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಮುಂದೆ ತಾನು ದುಂಬಿಯಾದಾಗ ಹೊರಬರಲು ಬೇಕಾದ ದಾರಿಯನ್ನು ಹುಳುವಾಗಿದ್ದಾಗಲೇ ಬಹುಪಾಲು ತೋಡಿ ಇಡುತ್ತದೆ. ಯಾರೂ ಕಲಿಸಿದ್ದಲ್ಲ, ಹಿಂದೆ ಮಾಡಿ ಗೊತ್ತಿರುವುದೂ ಅಲ್ಲ. ಲಕ್ಷಾಂತರ ವರ್ಷಗಳಲ್ಲಿ ಹೀಗೆ ಮಾಡಿದ ಹುಳುಗಳ ಸಂತತಿ ಉಳಿಯಿತು, ಮಾಡದವುಗಳದ್ದು ಕಾಂಡದೊಳಗೇ ಮುಗಿಯಿತು.

ಕೋಶಾವಸ್ಥೆ 25ರಿಂದ 30 ದಿನ. ಕಾಲಿಲ್ಲದ ಬಿಳಿ ಹುಳುವಿಗೆ ಆರು ಕಾಲು, ಎರಡು ಜೊತೆ ರೆಕ್ಕೆ, ಮೀಸೆ, ಸಂಯುಕ್ತ ಕಣ್ಣು ಮೂಡುವುದು ಈ ದಿನಗಳಲ್ಲಿ. ದುಂಬಿಯಾದ ಮೇಲೂ ಕೂಡಲೇ ಹೊರಡುವುದಿಲ್ಲ. ಮೈಯ ಕವಚ ಗಟ್ಟಿಯಾಗುವವರೆಗೆ ಕೆಲವು ದಿನ ಅದೇ ಕೋಣೆಯಲ್ಲಿ ಇದ್ದು, ಆಮೇಲೆ ಉಳಿದ ತೆಳು ತೊಗಟೆಯನ್ನು ಕಚ್ಚಿ ದುಂಡನೆಯ ತೂತು ಮಾಡಿ ಹೊರಗೆ ಬರುತ್ತದೆ. ಗಿಡದ ಮೇಲೆ ಕಾಣುವ ತೂತು ಇದೊಂದೇ. ತೂತು ಕಂಡಿತೆಂದರೆ ಕಳ್ಳ ಹೊರಟುಹೋದ ಎಂದರ್ಥ.

ಕಡಿದು ಒಟ್ಟಿದ ಸೌದೆಯಲ್ಲೂ ಇದು ನಡೆಯುತ್ತದೆ ಎಂಬುದು ಬಹಳ ಮುಖ್ಯ. ಬೋರರ್ ಬಿದ್ದ ಗಿಡವನ್ನು ಕಿತ್ತು ಮನೆಯ ಹಿಂದೆ ಸೌದೆಗೆಂದು ಜೋಡಿಸಿಟ್ಟರೆ ಒಳಗಿನ ಹುಳುಗಳು ಅಲ್ಲಿಯೇ ಬೆಳೆದು ದುಂಬಿಗಳಾಗಿ ಮತ್ತೆ ತೋಟಕ್ಕೆ ಹಾರುತ್ತವೆ.

ಬಿಸಿಲು ಬೇಕಾದ ದುಂಬಿ

ಹನ್ನೊಂದು ತಿಂಗಳು ಕತ್ತಲಲ್ಲಿ ಬೆಳೆದ ಈ ಜೀವಿ ಹೊರಬಂದ ಮೇಲೆ ಬಯಸುವುದು ಬಿಸಿಲನ್ನು. ಮೋಡ ಕವಿದ ದಿನ, ಥಂಡಿ ಗಾಳಿಯ ದಿನ ಮಂಕಾಗಿ ಅಡಗಿರುತ್ತದೆ. ಬಿಸಿಲು ಬಿತ್ತೆಂದರೆ ಚುರುಕಾಗಿ ಕಾಂಡದ ಮೇಲೆ ಓಡಾಡುತ್ತದೆ, ಹಾರುತ್ತದೆ, ಜೊತೆ ಹುಡುಕುತ್ತದೆ. ಹೆಣ್ಣು ಮೊಟ್ಟೆಯಿಡಲು ಆರಿಸಿಕೊಳ್ಳುವುದೂ ಬಿಸಿಲು ಬೀಳುವ ಗಿಡಗಳನ್ನು. ತೋಟದಲ್ಲಿ ನೆರಳು ತೆಳುವಾದ ಕಡೆ, ಮರ ಬಿದ್ದು ಬಯಲಾದ ಕಡೆ, ರಸ್ತೆಯ ಅಂಚಿನಲ್ಲಿ ಬೋರರ್ ಹೆಚ್ಚು ಕಾಣುವುದು ಇದಕ್ಕೇ.

ಜೊತೆ ಹುಡುಕುವ ಕೆಲಸದಲ್ಲಿ ಇದರ ಪದ್ಧತಿ ಬೇರೆ. ಬಹುತೇಕ ಪತಂಗಗಳಲ್ಲಿ ಹೆಣ್ಣು ವಾಸನೆ ಬಿಡುತ್ತದೆ, ಗಂಡು ಹುಡುಕಿಕೊಂಡು ಬರುತ್ತದೆ. ಇಲ್ಲಿ ವಾಸನೆ ಬಿಡುವುದು ಗಂಡು, ಬರುವುದು ಹೆಣ್ಣು. ಆ ವಾಸನೆಯ ಮುಖ್ಯ ವಸ್ತು ಹತ್ತು ಇಂಗಾಲದ ಪರಮಾಣುಗಳ ಒಂದು ಸಣ್ಣ ಅಣು, 2-ಹೈಡ್ರಾಕ್ಸಿ-3-ಡೆಕನೋನ್. ಇದನ್ನು ಗುರುತಿಸಿ ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ತೋಟಗಳಲ್ಲಿ ಲಿಂಗಾಕರ್ಷಕ ಬಲೆಗಳು ಬಂದವು. ಎಕರೆಗೆ ಹತ್ತರಂತೆ ಹಾರಾಟದ ಕಾಲದಲ್ಲಿ ತೂಗುಹಾಕುತ್ತಾರೆ. ಗಂಡು ಕರೆಯಿತೆಂದು ಬಂದ ಹೆಣ್ಣು ಬಲೆಯ ಹಲಗೆಗೆ ಡಿಕ್ಕಿ ಹೊಡೆದು ಕೆಳಗಿನ ಪಾತ್ರೆಗೆ ಬೀಳುತ್ತದೆ. ಮೊಟ್ಟೆ ತುಂಬಿದ ಹೆಣ್ಣೊಂದು ಬಲೆಗೆ ಬಿದ್ದರೆ ಹತ್ತಾರು ಹುಳುಗಳು ತಪ್ಪಿದಂತೆ. ಆದರೂ ಬಲೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ, ಏಕೆಂದರೆ ತೋಟದಲ್ಲಿರುವ ಗಂಡುಗಳೂ ಅದೇ ಹೊತ್ತಿಗೆ ಕರೆಯುತ್ತಿರುತ್ತವೆ. ಹಾರಾಟ ಯಾವಾಗ ಶುರುವಾಯಿತು, ಎಷ್ಟು ಜೋರಿದೆ ಎಂದು ತಿಳಿಯಲು ಬಲೆಗಿಂತ ಒಳ್ಳೆಯ ಸಾಧನ ಬೇರೆಯಿಲ್ಲ.

1860ರ ದಶಕದ ಪಾಠ

1854ರಲ್ಲಿ ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಯಿತು. ಲಾಭ ಕಂಡಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕೊಡಗಿನ ಕಾಡು ಎಕರೆಗಟ್ಟಲೆ ಬಯಲಾಯಿತು. ಎಷ್ಟೋ ಕಡೆ ಒಂದು ಮರವನ್ನೂ ಬಿಡದೆ ಕಡಿದು ಸುಟ್ಟು ಬರಿಯ ಬಿಸಿಲಿನಲ್ಲಿ ಅರೇಬಿಕಾ ನೆಟ್ಟರು. ಬಿಸಿಲಿನಲ್ಲಿ ಗಿಡ ಬೇಗ ಬೆಳೆದು ಬೇಗ ಹಣ್ಣು ಕೊಟ್ಟಿತು. ಆಮೇಲೆ ಬೋರರ್ ಬಂತು. 1860ರ ದಶಕದ ಕೊನೆಯ ವರ್ಷಗಳಲ್ಲಿ ಕೊಡಗು, ಮೈಸೂರು, ವಯನಾಡಿನ ತೋಟಗಳು ಒಂದರ ಹಿಂದೊಂದು ಒಣಗಿದವು.

ಮದ್ರಾಸ್ ಸರ್ಕಾರದ ಸೇವೆಯಲ್ಲಿದ್ದ ವೈದ್ಯ ಜಾರ್ಜ್ ಬಿಡಿ ಸಸ್ಯ, ಪ್ರಾಣಿಗಳನ್ನೂ ಬಲ್ಲ ವ್ಯಕ್ತಿ. ಅವರು ತೋಟಗಳನ್ನು ಸುತ್ತಿ ಅಧ್ಯಯನ ಮಾಡಿ, ಬೋರರ್ ಹಾವಳಿಯ ಕುರಿತು 1869ರಲ್ಲಿ ವರದಿ ಪ್ರಕಟಿಸಿದರು. ಆಗ ಕೀಟನಾಶಕಗಳಿರಲಿಲ್ಲ, ಲಿಂಗಾಕರ್ಷಕದ ಕಲ್ಪನೆಯೂ ಇರಲಿಲ್ಲ. ಆದರೆ ನೆರಳಿರುವ ತೋಟ ಉಳಿಯುತ್ತದೆ, ಬಯಲಿನ ತೋಟ ಸಾಯುತ್ತದೆ ಎಂಬುದು ನೋಡುವವರ ಕಣ್ಣಿಗೆ ಕಾಣುವಂತಿತ್ತು. ನೆರಳಿನ ಮರ ಬೆಳೆಸಿ ಎಂಬುದೇ ಅವರ ಮುಖ್ಯ ಸಲಹೆಯಾಯಿತು.

ಆಗ ಎಲ್ಲೆಡೆ ಬೆಳೆಯುತ್ತಿದ್ದ 'ಚಿಕ್' ಎಂಬ ಹಳೆಯ ತಳಿ ಈ ಹೊಡೆತದಿಂದ ಮೇಲೇಳಲಿಲ್ಲ. ಅದರ ಜಾಗಕ್ಕೆ 'ಕೂರ್ಗ್' ತಳಿ ಬಂತು. ಅದೇ ಹೊತ್ತಿಗೆ ಎಲೆತುಕ್ಕು ರೋಗವೂ ಕಾಲಿಟ್ಟಿತು. ಶ್ರೀಲಂಕಾ ಎಲೆತುಕ್ಕಿಗೆ ಸೋತು ಕಾಫಿ ಬಿಟ್ಟು ಟೀ ಹಿಡಿಯಿತು. ನಮ್ಮ ಮಲೆನಾಡು ಕಾಫಿಯನ್ನು ಬಿಡಲಿಲ್ಲ, ಮರದ ನೆರಳಿನಲ್ಲಿ ಬೆಳೆಯುವುದನ್ನು ಅಭ್ಯಾಸ ಮಾಡಿಕೊಂಡಿತು. ಇಂದು ಭಾರತದ ಕಾಫಿ ನೆರಳಿನ ಕಾಫಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ನೆರಳು ಇಲ್ಲಿ ಉಳಿಯಲು ಈ ಸಣ್ಣ ದುಂಬಿಯೂ ಒಂದು ಕಾರಣ.

1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನ ಕಾಫಿ ಪ್ರಯೋಗ ಕೇಂದ್ರವನ್ನು ಶುರುಮಾಡಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಎಲೆತುಕ್ಕು ತಡೆಯುವ ತಳಿಗಳು ಅಲ್ಲಿಂದ ಬಂದವು. ಬೋರರನ್ನು ಪೂರ್ತಿ ತಡೆಯುವ ಅರೇಬಿಕಾ ತಳಿ ಮಾತ್ರ ಬೆಳೆಗಾರರಿಗೆ ಇನ್ನೂ ಸಿಕ್ಕಿಲ್ಲ.

ಔಷಧಿ ಹೋದ ಮೇಲೆ

ಬಹಳ ಕಾಲ ಬೆಳೆಗಾರರ ಕೈಯಲ್ಲಿದ್ದ ಮುಖ್ಯ ಆಯುಧ ಲಿಂಡೇನ್ ಎಂಬ ಕೀಟನಾಶಕ. ಹಾರಾಟದ ಕಾಲದಲ್ಲಿ ಕಾಂಡಕ್ಕೆ ಹೊಡೆದರೆ ಮೊಟ್ಟೆಯಿಂದ ಬಂದ ಮರಿ ತೊಗಟೆ ದಾಟುವ ಮೊದಲೇ ಸಾಯುತ್ತಿತ್ತು. ಆದರೆ ಲಿಂಡೇನ್ ಮಣ್ಣಿನಲ್ಲಿ, ನೀರಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. 2009ರಲ್ಲಿ ಅದು ಇಂಥ ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಭಾರತದಲ್ಲೂ ಅದರ ಬಳಕೆಗೆ ತೆರೆಬಿತ್ತು. ಕಾವೇರಿ, ಹೇಮಾವತಿ, ತುಂಗೆ, ಭದ್ರೆಯರ ನೀರು ಹುಟ್ಟುವ ಬೆಟ್ಟಗಳಲ್ಲಿ ಅಂಥ ವಿಷ ನಿಂತದ್ದು ಒಳ್ಳೆಯದೇ ಆಯಿತು.

ಈಗ ಉಳಿದಿರುವ ದಾರಿಗಳೆಲ್ಲ ಕೀಟದ ದಿನಚರಿಯನ್ನು ತಿಳಿದು ಮಾಡುವಂಥವು. ಮೊದಲನೆಯದು ಹುಡುಕಿ ಕೀಳುವುದು. ಹಾರಾಟ ಶುರುವಾಗುವ ಮೊದಲು, ಅಂದರೆ ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಗಿಡ ಗಿಡವನ್ನೂ ಸವರಿ ನೋಡಿ, ಉಬ್ಬು ಕಂಡದ್ದನ್ನು ಬೇರುಸಹಿತ ಕಿತ್ತು ಸುಡಬೇಕು. ಬುಡದಲ್ಲಿ ಕಡಿದು ಬಿಟ್ಟರೆ ಬೇರಿನಲ್ಲಿಳಿದ ಹುಳು ಉಳಿಯುತ್ತದೆ. ಸೌದೆಗೆ ಬೇಕೇಬೇಕೆಂದರೆ ಒಂದು ವಾರ, ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಟ್ಟಬೇಕು.

ಎರಡನೆಯದು ತೊಗಟೆ ಉಜ್ಜುವುದು. ತೆಂಗಿನ ನಾರಿನ ಕೈಗವಸು ಹಾಕಿಕೊಂಡೋ ತೆಂಗಿನ ಸಿಪ್ಪೆಯಿಂದಲೋ ಕಾಂಡದ ಎದ್ದ ಹಕ್ಕಳೆಗಳನ್ನು ಉಜ್ಜಿ ತೆಗೆದರೆ ಹೆಣ್ಣಿಗೆ ಮೊಟ್ಟೆಯಿಡಲು ಸಂದು ಸಿಗುವುದಿಲ್ಲ, ಇಟ್ಟಿದ್ದ ಮೊಟ್ಟೆಯೂ ಉದುರುತ್ತದೆ. ಕತ್ತಿ, ಲೋಹದ ಬ್ರಷ್ ಬಳಸಬಾರದು. ಒಳಗಿನ ಹಸಿರು ತೊಗಟೆಗೆ ಗಾಯವಾದರೆ ಗಿಡಕ್ಕೇ ಪೆಟ್ಟು. ಮೂರನೆಯದು ಸುಣ್ಣ. 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ, ಅಂಟಿಕೊಳ್ಳಲು ಸ್ವಲ್ಪ ಗೋಂದು ಸೇರಿಸಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಬಳಿದರೆ ಬಿರುಕುಗಳು ಮುಚ್ಚಿ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ. ಉಜ್ಜಿದ ಮೇಲೆ ಬಳಿದರೆ ಮಾತ್ರ ಪೂರ್ತಿ ಪ್ರಯೋಜನ.

ಇವೆಲ್ಲ ಕೈಕೆಲಸ, ಆಳಿನ ಕೆಲಸ. ಎಕರೆಗೆ ಸಾವಿರಕ್ಕೂ ಮೇಲ್ಪಟ್ಟು ಗಿಡವಿರುವ ತೋಟದಲ್ಲಿ ಒಂದೊಂದು ಕಾಂಡವನ್ನೂ ಮುಟ್ಟಿ ನೋಡುವುದೆಂದರೆ ಸುಮ್ಮನೆ ಮಾತಲ್ಲ. ಕೂಲಿಗೆ ಜನ ಸಿಗದ ಈ ದಿನಗಳಲ್ಲಿ ಸಣ್ಣ ಬೆಳೆಗಾರರಿಗೆ ಇದು ದೊಡ್ಡ ಹೊರೆ. ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಮಾಡಿದವರ ಶ್ರಮವೂ ವ್ಯರ್ಥ, ಏಕೆಂದರೆ ದುಂಬಿಗೆ ಬೇಲಿ ಇಲ್ಲ.

ನೆರಳೇ ಕಾವಲು

ಇವೆಲ್ಲದರ ತಳಹದಿ ನೆರಳು. ಹಲಸು, ಅತ್ತಿ, ಬಸರಿ, ಮತ್ತಿ, ನಂದಿಯಂಥ ದೊಡ್ಡ ಮರಗಳು ಮೇಲೆ, ಹಾಲುವಾಣ ಕೆಳಗೆ. ಹೀಗೆ ಎರಡು ಅಂತಸ್ತಿನ ನೆರಳು ನಮ್ಮ ಹಿರಿಯರ ತೋಟದ ಕ್ರಮ. ಅದರ ಅಡಿಯಲ್ಲಿ ಕಾಂಡದ ಮೇಲೆ ನೇರ ಬಿಸಿಲು ಬೀಳುವುದಿಲ್ಲ, ದುಂಬಿ ಚುರುಕಾಗುವ ಕಾವು ಸಿಗುವುದಿಲ್ಲ. ನೆರಳು ಅತಿಯಾದರೂ ಕಷ್ಟ. ಮಳೆಗಾಲದಲ್ಲಿ ಕೊಳೆರೋಗ ಹೆಚ್ಚುತ್ತದೆ, ಫಸಲು ಇಳಿಯುತ್ತದೆ. ಮುಂಗಾರಿಗೆ ಮೊದಲು ಮರಗಸಿ, ಅಂದರೆ ನೆರಳುಮರಗಳ ರೆಂಬೆ ಕತ್ತರಿಸುವ ಕೆಲಸ, ಮಾಡುವುದು ಅದಕ್ಕೇ. ಮಳೆ ಮುಗಿದು ಬಿಸಿಲೇರುವ ಹೊತ್ತಿಗೆ ಹಾಲುವಾಣ ಮತ್ತೆ ಚಿಗುರಿ ನೆರಳು ಹಿಡಿಯುತ್ತದೆ. ಅಕ್ಟೋಬರಿನ ಹಾರಾಟಕ್ಕೆ ಸರಿಯಾಗಿ ತೋಟ ಸಿದ್ಧವಾಗಿರುತ್ತದೆ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಬಲ್ಲ ಮರಗಸಿ ಕೆಲಸಗಾರರ ಅನುಭವ ಯಾವ ಔಷಧಿಗೂ ಕಡಿಮೆಯಲ್ಲ.

ಕಳೆದ ಕೆಲವು ದಶಕಗಳಲ್ಲಿ ಈ ಕ್ರಮ ಸಡಿಲವಾಗಿದೆ. ಕಾಡುಮರಗಳ ಜಾಗಕ್ಕೆ ಬೇಗ ಬೆಳೆದು ದುಡ್ಡು ತರುವ ಸಿಲ್ವರ್ ಓಕ್ ಬಂತು. ಫಸಲು ಹೆಚ್ಚಲೆಂದು ನೆರಳನ್ನು ಇನ್ನಷ್ಟು ತೆಳು ಮಾಡಿದರು. ಹೂ ಮಳೆ ಹೇಳಿದ ಕಾಲಕ್ಕೆ ಬರುತ್ತಿಲ್ಲ, ಬೇಸಗೆಯ ಬಿಸಿ ಏರುತ್ತಿದೆ. ಒಣ ಬಿಸಿಲು ಬೋರರ್‌ಗೆ ಹಬ್ಬ, ನೀರಿಲ್ಲದೆ ಸೊರಗಿದ ಗಿಡಕ್ಕೆ ಅದರ ಎದುರು ನಿಲ್ಲುವ ತ್ರಾಣವೂ ಇಲ್ಲ. 1860ರ ದಶಕದಲ್ಲಿ ಕೊಡಲಿಯಿಂದ ಒಮ್ಮೆಲೇ ಆದದ್ದು ಈಗ ನಿಧಾನವಾಗಿ ಆಗುತ್ತಿದೆ.

ಹನ್ನೊಂದು ತಿಂಗಳು ಮರದೊಳಗೆ ಭದ್ರವಾಗಿ ಕೂತ ಹುಳುವನ್ನು, ಗಿಡವನ್ನೇ ಕೀಳದೆ, ಅಲ್ಲಿ ಹೋಗಿ ಹಿಡಿಯುವ ಉಪಾಯ ನಮಗಿಲ್ಲ. ಅದು ಹೊರಗಿರುವ ಕೆಲವೇ ವಾರಗಳು ನಮ್ಮವು. ಆ ವಾರಗಳಲ್ಲಿ ತೋಟದಲ್ಲಿ ನೆರಳಿದ್ದರೆ, ಬೋರರ್ ಗಿಡಗಳು ಮೊದಲೇ ಕಿತ್ತುಹೋಗಿದ್ದರೆ, ಉಳಿದ ಕಾಂಡಗಳು ಉಜ್ಜಿ ಸುಣ್ಣ ಬಳಿದಿದ್ದರೆ, ಅರೇಬಿಕಾ ಮಲೆನಾಡಿನಲ್ಲಿ ಉಳಿಯುತ್ತದೆ. ಬೆಳೆಗಾರರಲ್ಲಿ ಕೇಳಿಕೊಳ್ಳುವುದಿಷ್ಟೇ: ಮಾರ್ಚ್ ಮತ್ತು ಸೆಪ್ಟೆಂಬರಿನ ಹುಡುಕಾಟವನ್ನು ಒಂದು ವರ್ಷವೂ ತಪ್ಪಿಸಬೇಡಿ, ಅಕ್ಕಪಕ್ಕದ ತೋಟದವರೆಲ್ಲ ಸೇರಿ ಒಂದೇ ವಾರದಲ್ಲಿ ಮಾಡಿ. ತೋಟದ ಹಳೆಯ ಮರಕ್ಕೆ ಕೊಡಲಿ ಹಾಕುವ ಮುನ್ನ, ಅದರ ಬುಡದಲ್ಲಿರುವ ಗಿಡಗಳ ಕಾಂಡದ ಮೇಲೆ ನಾಳೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಯೋಚಿಸಿ.